ಅಂಗಾತ ಈಜಿದ ನೂರು ಮೀಟರು

ಸುತ್ತೂರಿನಲ್ಲಿ ನಮಗೆ ಬೇಕಾದವರ ಮನೆಯೊಂದುಂಟು. ಆ ಮನೆಯ ಹಿತ್ತಿಲಿಗೂ ಕಪಿಲೆಯ ದಂಡೆಗೂ ನಡುವೆ ಇರುವುದು ನಾಲ್ಕು ಗದ್ದೆಗಳ ಅಂತರ ಮಾತ್ರ. ಕಳೆದ ಬೇಸಗೆಯ ರಜೆಯಲ್ಲಿ ನಾಲ್ಕು ದಿನ ಅಲ್ಲಿಗೆ ಹೋಗಿದ್ದೆನು. ಒಂದು ಸಂಜೆ ಜಗುಲಿಯ ಮೇಲೆ ಮನೆಯ ಯಜಮಾನರೊಡನೆ ಮಾತನಾಡುತ್ತ ಕುಳಿತಿದ್ದಾಗ, ಅವರ ಹನ್ನೆರಡು ವರುಷದ ಮಗನು ಮೊಬೈಲನ್ನು ಹಿಡಿದುಕೊಂಡು ಬಂದು, ಅದರಲ್ಲಿ ಒಂದು ಈಜಿನ ಪಂದ್ಯವನ್ನು ನನಗೆ ತೋರಿಸಿದನು. 2022ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಗಂಡಸರು ಅಂಗಾತನಾಗಿ ಈಜಿದ ನೂರು ಮೀಟರಿನ ಕೊನೆಯ ಸುತ್ತು ಅದು. ಎಂಟು ಮಂದಿ ನೀರಿನಲ್ಲಿದ್ದರು. ಅವರಲ್ಲಿ ಒಬ್ಬನು ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್. ಒಂದು ನಿಮಿಷವೂ ಆಗುವುದರೊಳಗೆ ಪಂದ್ಯ ಮುಗಿದುಹೋಯಿತು. ಶ್ರೀಹರಿಗೆ ಏಳನೆಯ ಸ್ಥಾನ.

ಯಜಮಾನರು ಇಣಿಕಿ ನೋಡಿ ನಕ್ಕರು. “ಎಂಟು ಜನರಲ್ಲಿ ಏಳನೆಯವನೆಂದರೆ ಕೊನೆಯಿಂದ ಎರಡನೆಯವನು. ಇಷ್ಟಕ್ಕೆ ಇಂಗ್ಲೆಂಡಿನವರೆಗೆ ಹೋಗಬೇಕಾಗಿತ್ತೆ?” ಎಂದರು. ಹುಡುಗನ ಮುಖ ಬಾಡಿತು. ಈಜು ಕಲಿಯಬೇಕೆಂದು ಅವನಿಗೆ ಬಹಳ ಆಸೆ. ಆದರೆ ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು: “ನೀರಿನ ಮಾತು ಈ ಮನೆಯಲ್ಲಿ ಬೇಡ.” ಆ ತಾಯಿಯ ತಮ್ಮನೊಬ್ಬನು ಚಿಕ್ಕ ವಯಸ್ಸಿನಲ್ಲಿ ಇದೇ ಹೊಳೆಯ ಪಾಲಾದನೆಂದು ನನಗೆ ಆಮೇಲೆ ತಿಳಿಯಿತು. ಅಂದಿನಿಂದ ಆ ಮನೆಯ ಮಕ್ಕಳಲ್ಲಿ ಒಬ್ಬರೂ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವರಲ್ಲ.

ತಂದೆಯ ನಗೆಗೂ ಅಜ್ಜಿಯ ಭಯಕ್ಕೂ ನಾನು ಆಗಲೇ ಉತ್ತರ ಹೇಳಲಾರದೆ ಹೋದೆನು. ಈ ತಿಂಗಳು ಈ ಪುಟದಲ್ಲಿ ಆ ಉತ್ತರವನ್ನೇ ಬರೆಯೋಣವೆಂದುಕೊಂಡಿದ್ದೇನೆ. ಬೇರೆ ಮನೆಗಳಲ್ಲಿಯೂ ಇಂಥ ಹುಡುಗರೂ ಇಂಥ ಅಜ್ಜಿಯರೂ ಇರಬಹುದಷ್ಟೆ.

ಮೊದಲು ಪಂದ್ಯದ ಸ್ವರೂಪವನ್ನು ಹೇಳುವುದು ಲೇಸು. ನಮ್ಮ ಹೊಳೆಬದಿಯ ಊರುಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಹಿರಿಯರು ಇನ್ನೂ ಇದ್ದಾರೆ. ಕೈಕಾಲು ಬಡಿದು ಸುಸ್ತಾದಾಗ ಅಂಗಾತನಾಗಿ ಮಲಗಿ, ಆಕಾಶ ನೋಡುತ್ತ ದಣಿವಾರಿಸಿಕೊಳ್ಳುವುದು ಅವರಿಗೆಲ್ಲ ಗೊತ್ತು. ಹೊಳೆಯಲ್ಲಿ ಅದು ವಿಶ್ರಾಂತಿಯ ಭಂಗಿ. ಆ ವಿಶ್ರಾಂತಿಯನ್ನೇ ಮನುಷ್ಯನು ವೇಗದ ಪಣವನ್ನಾಗಿ ಮಾಡಿಕೊಂಡನೆಂಬುದು ಒಂದು ವಿನೋದ! ಒಲಿಂಪಿಕ್ ಪಂದ್ಯಗಳಲ್ಲಿ ಅಂಗಾತ ಈಜು ಮೊದಲು ಸೇರಿದುದು 1900ರಲ್ಲಿ, ಪ್ಯಾರಿಸ್ಸಿನಲ್ಲಿ. ಆಗ ಕಟ್ಟಿದ ಕೊಳದಲ್ಲಿ ಈಜಿಸಲಿಲ್ಲ; ಸೇನ್ ನದಿಯಲ್ಲಿಯೇ ಈಜಿಸಿದರು. ಇನ್ನೂರು ಮೀಟರಿನ ಆ ಪಂದ್ಯವನ್ನು ಜರ್ಮನಿಯ ಅರ್ನ್‌ಸ್ಟ್ ಹೊಪ್ಪೆನ್‌ಬರ್ಗ್ ಗೆದ್ದನು. ಎರಡು ಕೈಗಳನ್ನೂ ಒಟ್ಟಿಗೆ ಹಿಂದಕ್ಕೆ ಚಾಚಿ ಎಳೆಯುವ ಪದ್ಧತಿ ಆ ಕಾಲದಲ್ಲಿತ್ತು. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಮೆರಿಕದ ಹ್ಯಾರಿ ಹೆಬ್ನರ್ ಎಂಬಾತನು ಗಾಳಿಯಂತ್ರದ ರೆಕ್ಕೆಗಳಂತೆ ಕೈಗಳನ್ನು ಒಂದಾದ ಮೇಲೊಂದರಂತೆ ಬೀಸಿ ಗೆದ್ದ ಬಳಿಕ, ಲೋಕವೆಲ್ಲ ಆ ದಾರಿಯನ್ನೇ ಹಿಡಿಯಿತು.

ಈಗಿನ ಪಂದ್ಯದಲ್ಲಿ ಈಜುಗಾರನು ಕಟ್ಟೆಯ ಮೇಲಿನಿಂದ ಧುಮುಕುವುದಿಲ್ಲ. ನೀರಿನೊಳಗೇ ಇದ್ದು, ಕಟ್ಟೆಯ ಹಿಡಿಗಳನ್ನು ಎರಡು ಕೈಗಳಿಂದಲೂ ಹಿಡಿದು, ಪಾದಗಳನ್ನು ಗೋಡೆಗೆ ಒತ್ತಿ, ಬಿಲ್ಲಿನಂತೆ ಬಾಗಿ ಕಾದಿರುತ್ತಾನೆ. ಸೂಚನೆಯಾದೊಡನೆ ಬೆನ್ನ ಮೇಲೆ ಹಿಂದಕ್ಕೆ ಚಿಮ್ಮಿ ನೀರಿನಡಿಗೆ ಹೋಗುತ್ತಾನೆ. ಮೀನಿನಂತೆ ಸೊಂಟವನ್ನೂ ಕಾಲುಗಳನ್ನೂ ಬಳುಕಿಸುತ್ತ ಹೋಗುವ ಈ ನೀರಿನಡಿಯ ಭಾಗವೇ ಬಹಳ ವೇಗದ್ದು. ಈ ಗುಟ್ಟನ್ನು ಅರಿತವರು ಹಿಂದೆ ಅದನ್ನು ಎಷ್ಟು ಬಳಸಿದರೆಂದರೆ, 1988ರಲ್ಲಿ ಸೋಲ್ ನಗರದ ಒಲಿಂಪಿಕ್ಕಿನಲ್ಲಿ ಅಮೆರಿಕದ ಡೇವಿಡ್ ಬರ್ಕಾಫನು ಮೊದಲ ಐವತ್ತು ಮೀಟರುಗಳಲ್ಲಿ ಬಹುಪಾಲನ್ನು ನೀರಿನಡಿಯಲ್ಲಿಯೇ ಕಳೆದನು. ಜಪಾನಿನ ದೈಚಿ ಸುಜುಕಿಯೂ ಅದೇ ವಿದ್ಯೆಯಿಂದ ಹೊರಟು, ಕೊನೆಯಲ್ಲಿ ಅವನನ್ನು ಹಿಂದಕ್ಕೆ ಹಾಕಿ, 55.05 ಸೆಕೆಂಡಿನಲ್ಲಿ ಚಿನ್ನ ಗೆದ್ದನು. ಅಂಗಾತ ಈಜೆಂದು ಹೆಸರಿಟ್ಟುಕೊಂಡು ಮುಳುಗಿಕೊಂಡೇ ಹೋದರೆ ನೋಡುವವರು ಏನನ್ನು ನೋಡಬೇಕು? ಅಧಿಕಾರಿಗಳು ಇದನ್ನು ಮೊದಲು 10 ಮೀಟರಿಗೂ ಆಮೇಲೆ 15 ಮೀಟರಿಗೂ ಮಿತಿಗೊಳಿಸಿದರು. ಆ ಮಿತಿ ಈಗಲೂ ಇದೆ.

ಎಲ್ಲಕ್ಕಿಂತ ಕಷ್ಟವಾದುದು, ಈಜುಗಾರನಿಗೆ ತಾನು ಹೋಗುವ ಕಡೆ ಕಾಣದೆ ಇರುವುದು. ಉಳಿದ ಈಜುಗಳಲ್ಲಿ ಕೊಳದ ತಳದ ಕಪ್ಪು ಗೆರೆ ದಾರಿ ತೋರಿಸುತ್ತದೆ. ಇವನಿಗೆ ಕಾಣುವುದು ಸೂರು, ಇಲ್ಲವೇ ಆಕಾಶ. ಗೋಡೆಯಿಂದ 5 ಮೀಟರು ಈಚೆಗೆ ನೀರಿನ ಮೇಲುಗಡೆ ಸಣ್ಣ ಬಾವುಟಗಳ ಸಾಲೊಂದನ್ನು ಕಟ್ಟಿರುತ್ತಾರೆ. ಅದು ಕಣ್ಣಿಗೆ ಬಿದ್ದ ಕ್ಷಣದಿಂದ ತನ್ನ ಕೈಬೀಸುಗಳನ್ನು ಎಣಿಸಿಕೊಂಡು ಗೋಡೆ ಎಲ್ಲಿದೆಯೆಂದು ಅವನು ಊಹಿಸಬೇಕು. ಎಣಿಕೆಯಲ್ಲಿ ಒಂದು ತಪ್ಪಿದರೆ ತಲೆ ಗೋಡೆಗೆ ಬಡಿದೀತು. ಇಲ್ಲವೇ ಗೋಡೆಯಿನ್ನೂ ದೂರವಿರುವಾಗಲೇ ಕೈ ಚಾಚಿ, ನೀರಿನ ಮೇಲೆ ಜಾರುತ್ತ ಕಾಲ ಕಳೆಯಬೇಕಾದೀತು. ಕೊನೆಯಲ್ಲಿ ಗೋಡೆಯನ್ನು ಮುಟ್ಟುವಾಗಲೂ ಅಂಗಾತನಾಗಿಯೇ ಇರತಕ್ಕದ್ದು. ಕಣ್ಣು ಕಟ್ಟಿಕೊಂಡು ಅಂಗಳವನ್ನು ದಾಟಿ ಬಾಗಿಲ ಚಿಲಕವನ್ನು ಒಂದೇ ಸಲಕ್ಕೆ ಹಿಡಿಯಲು ನಮ್ಮಲ್ಲಿ ಯಾರಾದರೂ ಪ್ರಯತ್ನಿಸಿ ನೋಡಬಹುದು.

ಇನ್ನು ಶ್ರೀಹರಿಯ ವಿಷಯ. 2001ರ ಜನವರಿಯಲ್ಲಿ ಹುಟ್ಟಿದ ಈತನು ನಿಹಾರ್ ಅಮೀನರ ಬಳಿ ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದವನು. ಹದಿನೆಂಟು ವರುಷ ತುಂಬಿದ ಮೇಲೆ, 2019ರಲ್ಲಿ, ಬುಡಾಪೆಸ್ಟಿನಲ್ಲಿ ನಡೆದ ಕಿರಿಯರ ವಿಶ್ವ ಪಂದ್ಯದಲ್ಲಿ ಈ ನೂರು ಮೀಟರನ್ನು 54.69 ಸೆಕೆಂಡಿನಲ್ಲಿ ಈಜಿ ದೇಶದ ದಾಖಲೆಯನ್ನು ತಿದ್ದಿದನು. ಟೋಕಿಯೋ ಒಲಿಂಪಿಕ್ಕಿಗೆ ನೇರವಾಗಿ ಅರ್ಹತೆ ಪಡೆಯಲು 53.85 ಸೆಕೆಂಡು ಬೇಕಾಗಿತ್ತು. ಅಷ್ಟರಲ್ಲಿ ಬಂದಿತು ಮಹಾಮಾರಿ. 2020ರ ಮಾರ್ಚಿಯಿಂದ ನಮ್ಮ ದೇಶದ ಈಜುಕೊಳಗಳಿಗೆಲ್ಲ ಬೀಗ ಬಿದ್ದಿತು. ಕ್ರೀಡಾಪಟುಗಳ ಅಭ್ಯಾಸಕ್ಕಾಗಿ ಅವನ್ನು ತೆರೆಯಲು ಸರಕಾರದ ಅಪ್ಪಣೆ ದೊರೆತದ್ದು ಅಕ್ಟೋಬರ್ 15ರಿಂದ. ಓಡುವವನು ಮನೆಯ ತಾರಸಿಯ ಮೇಲಾದರೂ ಓಡಬಹುದು. ಈಜುಗಾರನಿಗೆ ನೀರಿಲ್ಲದಿದ್ದರೆ ಮೈಯು ನೀರಿನ ಸ್ಪರ್ಶವನ್ನೇ ಮರೆತುಬಿಡುತ್ತದೆಂದು ಬಲ್ಲವರು ಹೇಳುತ್ತಾರೆ.

ಒಲಿಂಪಿಕ್ಕು ಒಂದು ವರುಷ ಮುಂದಕ್ಕೆ ಹೋಯಿತು. ಅರ್ಹತೆಗೆ ಕೊನೆಯ ದಿನ 2021ರ ಜೂನ್ 27. ಆ ವಾರ ರೋಮ್ ನಗರದಲ್ಲಿ ‘ಸೆತ್ತೆ ಕೊಲ್ಲಿ’ ಎಂಬ ಹೆಸರಿನ ಪಂದ್ಯಾವಳಿ ನಡೆಯುತ್ತಿತ್ತು. ಸೆತ್ತೆ ಕೊಲ್ಲಿ ಎಂದರೆ ಏಳು ಬೆಟ್ಟ. ಏಳು ಬೆಟ್ಟಗಳೆಂದೊಡನೆ ನಮ್ಮ ಮನೆಗಳಲ್ಲಿ ಕೈಮುಗಿಯುವುದು ತಿರುಪತಿಯ ಕಡೆಗೆ. ರೋಮ್ ನಗರವೂ ಏಳು ಬೆಟ್ಟಗಳ ಮೇಲೆ ಕಟ್ಟಿದ್ದೆಂದು ಪ್ರತೀತಿ. ಅಲ್ಲಿನ ಕೊಳಕ್ಕೆ ಸೂರಿಲ್ಲ. ಅಂಗಾತ ಈಜುವವನಿಗೆ ಬರಿಯ ಆಕಾಶವೇ ಗುರುತು. ಅಲ್ಲಿ ಶ್ರೀಹರಿ ನೂರು ಮೀಟರನ್ನು 53.90 ಸೆಕೆಂಡಿನಲ್ಲಿ ಮುಗಿಸಿದನು. ಅದು ಹೊಸ ರಾಷ್ಟ್ರೀಯ ದಾಖಲೆ. ಆದರೆ ಬೇಕಾಗಿದ್ದುದಕ್ಕೆ ಸೆಕೆಂಡಿನ ನೂರರಲ್ಲಿ 5 ಭಾಗ ಹೆಚ್ಚಾಯಿತು.

ಈ 5 ಭಾಗವೆಂದರೆ ಎಷ್ಟು? ನಾನು ಕಾಗದದ ಮೇಲೆ ಲೆಕ್ಕ ಹಾಕಿದೆನು. ಈ ವೇಗದಲ್ಲಿ ಈಜುಗಾರನು ಸೆಕೆಂಡಿಗೆ ಸುಮಾರು 1.85 ಮೀಟರು ಸಾಗುತ್ತಾನೆ. ಆ ಹೊತ್ತಿನಲ್ಲಿ ಅವನು ಹೋಗುವ ದೂರ 9 ಸೆಂಟಿಮೀಟರು; ನಮ್ಮ ಅಳತೆಯಲ್ಲಿ ಅರ್ಧ ಗೇಣಿಗೂ ಕಡಿಮೆ. ನೂರು ಮೀಟರಿನಲ್ಲಿ ಅರ್ಧ ಗೇಣು! ಹಲವು ವರುಷಗಳ ನಸುಕಿನ ನಿದ್ರೆಯನ್ನು ಬಿಟ್ಟು ಮಾಡಿದ ಸಾಧನೆ ಅರ್ಧ ಗೇಣಿನಲ್ಲಿ ನಿಂತುಹೋದರೆ ಆ ರಾತ್ರಿ ಅವನಿಗೆ ಹೇಗಾಗಿದ್ದಿರಬೇಕು!

ಕೊನೆಯ ದಿನ ಒಂದು ಕಾಲಪರೀಕ್ಷೆಗೆ ಅವಕಾಶ ದೊರೆಯಿತು. ಅದು ಪದಕದ ಸ್ಪರ್ಧೆಯಲ್ಲ. ಅಲ್ಲಿ ಗಡಿಯಾರವೇ ಎದುರಾಳಿ. ಅಂದು 53.77 ಸೆಕೆಂಡಿನಲ್ಲಿ ಗೋಡೆ ಮುಟ್ಟಿದನು. ಹಿಂದಿನ ದಿನ ಕೇರಳದ ಸಾಜನ್ ಪ್ರಕಾಶನು ಚಿಟ್ಟೆ ಈಜಿನಲ್ಲಿ ಅದೇ ಕೊಳದಲ್ಲಿ ಇಂಥ ಅರ್ಹತೆ ಪಡೆದ ಮೊದಲ ಭಾರತೀಯನಾಗಿದ್ದನು. ಎರಡನೆಯವನು ನಮ್ಮ ಬೆಂಗಳೂರಿನವನಾದನು. ಆದರೂ ತೊಡಕು ತೀರಲಿಲ್ಲ. ಕಾಲಪರೀಕ್ಷೆಯ ಲೆಕ್ಕವನ್ನು ಒಪ್ಪಬಹುದೋ ಬಾರದೋ ಎಂಬುದನ್ನು ಅಂತರರಾಷ್ಟ್ರೀಯ ಈಜು ಮಂಡಲಿ ತೀರ್ಮಾನಿಸಬೇಕಾಗಿತ್ತು. ಕೆಲವು ದಿನಗಳ ಮೇಲೆ ಮಂಡಲಿ ಒಪ್ಪಿತು.

ಒಂದು ತಿಂಗಳೊಳಗೆ, ಜುಲೈ 25ರಂದು, ಟೋಕಿಯೋದಲ್ಲಿ ಅದೇ ಹುಡುಗನು ಅದೇ ನೂರು ಮೀಟರನ್ನು ಈಜಿದನು. ಬಂದದ್ದು 54.31 ಸೆಕೆಂಡು. ಇಪ್ಪತ್ತೇಳನೆಯ ಸ್ಥಾನ. ಮುಂದಿನ ಸುತ್ತಿಗೆ ಹೋಗುವವರು ಹದಿನಾರೇ ಮಂದಿ. ಅಲ್ಲಿಗೆ ಅವನ ಒಲಿಂಪಿಕ್ಕು ಮುಗಿಯಿತು. ಹಾಗಾದರೆ ರೋಮಿನ ಕಾಲ ಸುಳ್ಳೆ ಎಂದು ಕೇಳುವವರು ಕೇಳಿದರು. ಸುಳ್ಳಲ್ಲ. ಆ ಒಂದು ದಿನದ ಮೇಲೆ ಎಲ್ಲ ಶಕ್ತಿಯನ್ನೂ ಸುರಿದ ದೇಹವು ಮತ್ತೊಂದು ತಿಂಗಳೊಳಗೆ ಮತ್ತೊಮ್ಮೆ ಅಷ್ಟನ್ನೇ ಕೊಡುವುದು ಸುಲಭವಲ್ಲ. ದೊಡ್ಡ ಈಜುಗಾರರು ದೊಡ್ಡ ಪಂದ್ಯದ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಮೈಯನ್ನು ಅದಕ್ಕಾಗಿ ಕಾಯಿಸಿ, ಕೊನೆಯ ವಾರಗಳಲ್ಲಿ ವಿಶ್ರಾಂತಿ ಕೊಟ್ಟು ಹದಗೊಳಿಸುತ್ತಾರೆ. ಬಾಗಿಲು ತೆರೆಯಲೆಂದೇ ಬಲವನ್ನೆಲ್ಲ ಖರ್ಚು ಮಾಡಬೇಕಾದವನಿಗೆ ಒಳಗೆ ಹೋದ ಮೇಲೆ ಕೈ ಸೋತಿರುತ್ತದೆ. ಹೀಗೆಂಬುದು ನನ್ನ ಊಹೆ. ನಿಜ ಹೇಳಬೇಕಾದವನು ಅವನೇ.

ಈಗ ಸುತ್ತೂರಿನ ಯಜಮಾನರು ನಕ್ಕ ಪಂದ್ಯಕ್ಕೆ ಬರುತ್ತೇನೆ. ಬರ್ಮಿಂಗ್‌ಹ್ಯಾಮಿನ ಕ್ರೀಡೆಗಳಿಗೆ ಅಲ್ಲಿನ ಸ್ಯಾಂಡ್‌ವೆಲ್ಲಿನಲ್ಲಿ ಹೊಸ ಈಜುಮಂದಿರವನ್ನೇ ಕಟ್ಟಿದ್ದರು. ಜುಲೈ 29ರಂದು ಅರೆಅಂತಿಮದಲ್ಲಿ ಶ್ರೀಹರಿಗೆ 54.55. ಮರುದಿನ ಅಂತಿಮದಲ್ಲಿ 54.31, ಟೋಕಿಯೋದಲ್ಲಿ ಬಂದ ಅಂಕಿಯೇ, ಚೂರೂ ವ್ಯತ್ಯಾಸವಿಲ್ಲದೆ. ಚಿನ್ನ ಗೆದ್ದವನು ದಕ್ಷಿಣ ಆಫ್ರಿಕದ ಪೀಟರ್ ಕೂಟ್ಸೆ, ಹದಿನೆಂಟರ ಹುಡುಗ. ಅವನ ಕಾಲ 53.78 ಸೆಕೆಂಡು.

ವಾಚಕರು ಈ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಹದಿಮೂರು ತಿಂಗಳ ಹಿಂದೆ, ರೋಮಿನಲ್ಲಿ, ಪದಕವಿಲ್ಲದ ಕಾಲಪರೀಕ್ಷೆಯಲ್ಲಿ ನಮ್ಮವನು ಈಜಿದ್ದು 53.77. ಚಿನ್ನದ ಕಾಲಕ್ಕಿಂತ ಸೆಕೆಂಡಿನ ನೂರರಲ್ಲಿ ಒಂದು ಭಾಗ ಕಡಿಮೆ! ಆ ಈಜನ್ನು ಈ ದಿನಕ್ಕೆ ತಂದಿದ್ದರೆ ಕೊರಳಿಗೆ ಚಿನ್ನ ಬೀಳುತ್ತಿತ್ತು. ತರುವುದಕ್ಕಾಗಲಿಲ್ಲ. ಕಂಚಿನ ಪದಕ ಆಸ್ಟ್ರೇಲಿಯದ ಬ್ರಾಡ್ಲಿ ವುಡ್‌ವರ್ಡನಿಗೆ ಹೋಯಿತು, 54.06 ಸೆಕೆಂಡಿಗೆ. ಕಂಚಿಗೂ ಏಳನೆಯ ಸ್ಥಾನಕ್ಕೂ ನಡುವೆ ಇದ್ದದ್ದು ಕಾಲು ಸೆಕೆಂಡು, ಎಂದರೆ ನೀರಿನ ಮೇಲೆ ಒಂದು ಮೊಳ. ಚಿನ್ನಕ್ಕೂ ಏಳಕ್ಕೂ ನಡುವೆ ಎರಡು ಮೊಳವೂ ಎರಡು ಬೆರಳೂ. ಆ ಎರಡು ಮೊಳದೊಳಗೆ ಏಳು ಮಂದಿ ತುಂಬಿಕೊಂಡಿದ್ದರು. ‘ಏಳನೆಯವನು’ ಎಂಬ ಮಾತನ್ನು ಕೇಳಿದಾಗ ನಮ್ಮ ಮನಸ್ಸಿಗೆ ಬರುವ ಚಿತ್ರ, ಆರು ಜನ ದಡ ಸೇರಿ ಮೈ ಒರಸಿಕೊಳ್ಳುತ್ತಿರುವಾಗ ಇನ್ನೂ ನಡುನೀರಿನಲ್ಲಿ ಒದ್ದಾಡುತ್ತಿರುವವನದು. ಪಂದ್ಯವನ್ನು ನೋಡಿದರೆ ಹಾಗಿಲ್ಲ. ಮೊದಲನೆಯವನು ಗೋಡೆ ಮುಟ್ಟಿ ತಲೆಯೆತ್ತುವಷ್ಟರಲ್ಲಿ ಏಳನೆಯವನ ಕೈಯೂ ಗೋಡೆಯ ಮೇಲಿತ್ತು. ಐವತ್ತು ಮೀಟರಿನ ಅಂಗಾತ ಈಜಿನಲ್ಲಿಯೂ ಅದೇ ಕ್ರೀಡೆಗಳಲ್ಲಿ ಶ್ರೀಹರಿ ಅಂತಿಮಕ್ಕೆ ಬಂದು 25.23 ಸೆಕೆಂಡಿನಲ್ಲಿ ಐದನೆಯವನಾದನು.

ಹಾಗೆಂದು ನಾನು ಸೋಲನ್ನು ಗೆಲವೆಂದು ಹೇಳಲಾರೆ. ಅದು ಓದುವವರಿಗೂ ಅಪಚಾರ, ಈಜಿದವನಿಗೂ ಅಪಚಾರ. ಮುಂದೆ ನಡೆದುದನ್ನೂ ಹೇಳಬೇಕು. ಆ ಹದಿನೆಂಟರ ಕೂಟ್ಸೆ ಮೂರು ವರುಷ ಬಿಡದೆ ದುಡಿದು, 2025ರಲ್ಲಿ ಸಿಂಗಪುರದ ವಿಶ್ವ ಪಂದ್ಯದಲ್ಲಿ ಇದೇ ನೂರು ಮೀಟರನ್ನು 51.85 ಸೆಕೆಂಡಿನಲ್ಲಿ ಈಜಿ ಲೋಕಕ್ಕೆಲ್ಲ ಮೊದಲಿಗನಾದನು. ಶ್ರೀಹರಿಗೆ 2024ರ ಪ್ಯಾರಿಸ್ ಒಲಿಂಪಿಕ್ಕಿನಲ್ಲಿ ಬಂದದ್ದು 55.01, ಮೂವತ್ತಮೂರನೆಯ ಸ್ಥಾನ. ಬರ್ಮಿಂಗ್‌ಹ್ಯಾಮಿನಲ್ಲಿ ಎರಡು ಮೊಳವಾಗಿದ್ದ ಅಂತರ ಈಗ ಅಳೆಯುವುದಾದರೆ ಹತ್ತು ಮೊಳವನ್ನು ದಾಟುತ್ತದೆ. ಒಂದೇ ನೀರಿನಲ್ಲಿ ಮಗ್ಗುಲು ಮಗ್ಗುಲಾಗಿ ಈಜಿದ ಇಬ್ಬರಲ್ಲಿ ಒಬ್ಬನು ಅಷ್ಟು ದೂರ ಹೋದುದು ಹೇಗೆ, ಮತ್ತೊಬ್ಬನು ಹೋಗದೆ ಉಳಿದುದು ಏಕೆ? ಹುಡುಗನ ತಪ್ಪೆಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಬಲಿಷ್ಠ ಎದುರಾಳಿಗಳ ನಡುವೆ ವರುಷದಲ್ಲಿ ಹಲವು ಬಾರಿ ಈಜಿದವನಿಗೆ ಅಂತಿಮದ ದಿನ ಬೇರೆಯ ದಿನವೆಂದು ತೋರುವುದಿಲ್ಲ. ನಮ್ಮವರಿಗೆ ಊರಿನಲ್ಲಿ ಪಕ್ಕದ ಸಾಲಿನಲ್ಲಿ ಅಷ್ಟು ವೇಗದವರು ಯಾರೂ ಇರುವುದಿಲ್ಲ. ಎದುರಾಳಿಯನ್ನು ಹುಡುಕಿಕೊಂಡು ತಾಷ್ಕೆಂಟಿಗೋ ಬೆಲ್‌ಗ್ರೇಡಿಗೋ ರೋಮಿಗೋ ಹೋಗಬೇಕು. ಗರಡಿಯಲ್ಲಿ ಜೋಡಿಯಿಲ್ಲದೆ ಒಬ್ಬನೇ ಸಾಮು ಮಾಡಿದ ಪೈಲ್ವಾನನ ಕಥೆಯನ್ನು ಸುತ್ತೂರಿನ ಜಾತ್ರೆಯಲ್ಲಿ ಕುಸ್ತಿ ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೂ ಹಿಂದಿನ ಮಾತೊಂದಿದೆ. ಜೋಡಿ ಎಲ್ಲಿಂದ ಬರಬೇಕು? ನೀರಿಗೆ ಇಳಿದ ಮಕ್ಕಳಿಂದ ತಾನೆ? ವಯನಾಡಿನ ಕಡೆಯಿಂದ ಹರಿದು ಬರುವ ಕಪಿಲೆ, ಬೀಚನಹಳ್ಳಿಯ ಅಣೆಕಟ್ಟನ್ನು ದಾಟಿ, ನಂಜನಗೂಡನ್ನು ಮುಟ್ಟಿ, ಸುತ್ತೂರಿನ ಮಗ್ಗುಲಲ್ಲಿ ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಇಷ್ಟುದ್ದದ ಹೊಳೆಯ ದಂಡೆಯಲ್ಲಿ ಮೂವತ್ತು ವರುಷದೊಳಗಿನವರನ್ನು ನಿಲ್ಲಿಸಿ, ಈಜು ಬಲ್ಲವರು ಕೈಯೆತ್ತಿ ಎಂದರೆ ಎಷ್ಟು ಕೈ ಎದ್ದಾವು? ನನಗೆ ಅನುಮಾನ. ಸೋರೆಬುರುಡೆಯ ಕಾಲ ಹೋಯಿತು. ನಲ್ಲಿಯ ನೀರು ಮನೆಗೆ ಬಂದಿತು. ಹೊಳೆಗೆ ಹೋಗುವುದು ಹಬ್ಬದ ಸ್ನಾನಕ್ಕೆ ಮಾತ್ರ. ಅಂದೇ ಅನಾಹುತಗಳಾಗುವುದು. ಒಬ್ಬನು ಜಾರಿದನೆಂದು ಈಜು ಬಾರದ ಮತ್ತಿಬ್ಬರು ಇಳಿಯುತ್ತಾರೆ.

ಅಜ್ಜಿಯ ಭಯ ಸುಳ್ಳಲ್ಲವೆಂದು ನಾನು ಒಪ್ಪುತ್ತೇನೆ. ಹೊಳೆ ಕಲಿಯುವ ಜಾಗವಲ್ಲ. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಬೆಳಗ್ಗೆ ಮಂಡಿಯುದ್ದವಿದ್ದ ಕಡೆ ಮಧ್ಯಾಹ್ನಕ್ಕೆ ಆಳು ಮುಳುಗುತ್ತದೆ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಕಾವಲುಗಾರನೂ ಗುರುವೂ ಇರುವ ಕೊಳದಲ್ಲಿ ಕಲಿಯಬೇಕು. ಮೈಸೂರಿನ ಸರಸ್ವತಿಪುರದಲ್ಲಿ ವಿಶ್ವವಿದ್ಯಾನಿಲಯದ ಕೊಳವಿದೆ. ಸುತ್ತೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರವೇ. ಕಲಿಸುವವರು ಮೊದಲ ದಿನಗಳಲ್ಲಿ ಕಲಿಸಬೇಕಾದುದು ಮೈ ಬಿಗಿಯದೆ ಅಂಗಾತನಾಗಿ ತೇಲುವುದನ್ನು. ನೀರಿಗೆ ಬಿದ್ದವನು ಮುಳುಗುವುದಕ್ಕೆ ಮುಖ್ಯವಾದ ಕಾರಣ ಅವನ ಗಾಬರಿ. ಅವನು ಕೈಗಳನ್ನು ಮೇಲಕ್ಕೆತ್ತುತ್ತಾನೆ, ಎತ್ತಿದಷ್ಟು ಭಾರ ತಲೆಯನ್ನು ಕೆಳಕ್ಕೆ ಅದುಮುತ್ತದೆ. ಗಾಳಿ ತುಂಬಿದ ಎದೆಯೇ ಒಂದು ಬುರುಡೆ. ತಲೆಯನ್ನು ಹಿಂದಕ್ಕೆ ಒರಗಿಸಿ, ಕಿವಿಗಳನ್ನು ನೀರಿನಲ್ಲಿ ಅದ್ದಿ, ಹೊಟ್ಟೆಯನ್ನು ಮೇಲಕ್ಕೆ ತಂದು, ಕೈಗಳನ್ನು ನೀರಿನೊಳಗೇ ಚಾಚಿದರೆ ಮೂಗೂ ಬಾಯೂ ಹೊರಗಿರುತ್ತವೆ. ಕೂಗುವುದಕ್ಕೂ ಆಗುತ್ತದೆ, ಕಾಯುವುದಕ್ಕೂ ಆಗುತ್ತದೆ. ಬರ್ಮಿಂಗ್‌ಹ್ಯಾಮಿನ ಎಂಟು ಮಂದಿಯೂ ಎಂದೋ ಒಂದು ದಿನ, ಗುರುವಿನ ಅಂಗೈಯ ಮೇಲೆ ತಲೆಯಿಟ್ಟುಕೊಂಡು ಇಷ್ಟನ್ನೇ ಕಲಿತವರು.

ಇಷ್ಟನ್ನೂ ಬರೆದು, ಅಚ್ಚಿಗೆ ಕೊಡುವ ಮೊದಲು ಸುತ್ತೂರಿನ ಮನೆಗೆ ಓದಿ ಹೇಳಿಸಿದೆನು. ಯಜಮಾನರು ಮೊಳದ ಲೆಕ್ಕವನ್ನು ಎರಡು ಸಲ ಕೇಳಿ, ತಾವೇ ಹಿತ್ತಿಲಿನಲ್ಲಿ ಹಗ್ಗ ಹಿಡಿದು ಅಳೆದರಂತೆ. ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲವಂತೆ. ಆಮೇಲೆ, ತಮ್ಮನಿಗೆ ಮಲಗುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಮೆಲ್ಲಗೆ ಅಂದರಂತೆ. ಹುಡುಗನನ್ನು ದಸರೆಯ ರಜೆಯಲ್ಲಿ ಮೈಸೂರಿನ ಚಿಕ್ಕಪ್ಪನ ಮನೆಗೆ ಕಳುಹಿಸುವುದೆಂದು ಗೊತ್ತಾಗಿದೆ. ಅಜ್ಜಿಯದೊಂದು ಷರತ್ತುಂಟು: ರಜೆ ಮುಗಿಯುವ ದಿನ ಆಕೆಯೇ ಬಂದು ಕೊಳದ ಕಟ್ಟೆಯ ಮೇಲೆ ಕುಳಿತು ನೂರೆಂಟು ಬಾರಿ ಪಂಚಾಕ್ಷರಿಯನ್ನು ಜಪಿಸುವರು, ಅದು ಮುಗಿಯುವವರೆಗೂ ಹುಡುಗನು ನೀರಿನ ಮೇಲೆ ಅಂಗಾತನಾಗಿ ಮಲಗಿರಬೇಕು. ಜಪವನ್ನು ಬೇಗ ಬೇಗ ಮಾಡಬೇಕೆಂದು ಹುಡುಗನು ಈಗಲೇ ಚೌಕಾಸಿಗೆ ತೊಡಗಿದ್ದಾನೆ. ಅದಕ್ಕೆ ಆಕೆ ಒಪ್ಪಿಲ್ಲ.